ದಾಖಲೆಗೆ ಎರಡು ಒರೆಗಲ್ಲು

“ತೋಟಗಾರನು ಗಿಡವನ್ನು ಬೆಂಕಿಯಿಂದ ನೆನೆಸಿದನು.”

ಈ ವಾಕ್ಯದಲ್ಲಿ ತಪ್ಪೇನಿದೆ? ಕರ್ತೃಪದವಿದೆ, ಕರ್ಮಪದವಿದೆ, ಕ್ರಿಯಾಪದವಿದೆ. ವಿಭಕ್ತಿ ಪ್ರತ್ಯಯಗಳು ತಮ್ಮ ತಮ್ಮ ಸ್ಥಾನದಲ್ಲಿವೆ. ಲಿಂಗ ವಚನಗಳು ಹೊಂದಿಕೊಂಡಿವೆ. ಎಂತಹ ಪಂಡಿತರೂ ಇದರಲ್ಲಿ ವ್ಯಾಕರಣದೋಷವನ್ನು ತೋರಿಸಲಾರರು. ಆದರೂ ಓದಿದ ಕೂಡಲೆ ನಮಗೆ ನಗು ಬರುತ್ತದೆ; ಏಕೆಂದರೆ ನೆನೆಸುವುದು ನೀರಿನ ಕೆಲಸವೇ ಹೊರತು ಬೆಂಕಿಯದಲ್ಲ. ನಮ್ಮ ದೇಶದ ತಾರ್ಕಿಕರು ಬಹು ಹಿಂದೆಯೇ ಇಂತಹ ವಾಕ್ಯವನ್ನು ಉದಾಹರಿಸಿ, ವಾಕ್ಯದಿಂದ ಅರ್ಥಜ್ಞಾನವು ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಅಂಗಗಳಿರಬೇಕೆಂದು ಹೇಳಿದರು. ಒಂದು ಪದವು ಮತ್ತೊಂದನ್ನು ಬಯಸುವುದು ಆಕಾಂಕ್ಷೆ. ಪದಗಳು ಒಂದರ ಬಳಿ ಒಂದು ಇರುವುದು ಸನ್ನಿಧಿ. ಅವುಗಳ ಅರ್ಥಗಳು ಪರಸ್ಪರ ಹೊಂದುವುದು ಯೋಗ್ಯತೆ. ಮೇಲಿನ ವಾಕ್ಯದಲ್ಲಿ ಆಕಾಂಕ್ಷೆಯೂ ಸನ್ನಿಧಿಯೂ ಉಂಟು. ಯೋಗ್ಯತೆ ಮಾತ್ರ ಇಲ್ಲ.

ಇದು ಹಳೆಯ ಪಾಠಶಾಲೆಗಳ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಪರೀಕ್ಷೆಯ ಅಂಕಪಟ್ಟಿ, ಅಂಗಡಿಯ ಬಿಲ್ಲು, ಆಸ್ಪತ್ರೆಯಲ್ಲಿ ಬರೆದ ರೋಗಿಯ ವೃತ್ತಾಂತ, ಇವೆಲ್ಲವೂ ಇಂದು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಸಂದೇಶಗಳಾಗಿ ಹರಿಯುತ್ತಿವೆ. ಕಾಗದವಾಗಿದ್ದರೆ ಗುಮಾಸ್ತನು ಕಣ್ಣಾರೆ ನೋಡಿ, “ಇದೇನಯ್ಯ, ಕೂಡಿದ್ದು ತಪ್ಪಾಗಿದೆ” ಎಂದು ಹಿಂದಿರುಗಿಸಬಲ್ಲನು. ಯಂತ್ರಕ್ಕೆ ಆ ಕಣ್ಣಿಲ್ಲ. ಬಂದ ದಾಖಲೆಯು ಸರಿಯೇ ತಪ್ಪೇ ಎಂಬುದನ್ನು ಅದು ನಿರ್ಧರಿಸಬೇಕಾದರೆ ‘ಸರಿ’ ಎಂದರೇನೆಂಬುದನ್ನು ನಾವು ಮೊದಲೇ ಬರೆದುಕೊಡಬೇಕು. ಹಾಗೆ ಬರೆದುಕೊಡಲು ಹೊರಟವರಿಗೆ ತಾರ್ಕಿಕರು ಕಂಡ ಭೇದವೇ ಎದುರಾಯಿತು: ರೂಪದ ತಪ್ಪು ಬೇರೆ, ಹೊಂದಿಕೆಯ ತಪ್ಪು ಬೇರೆ. ಒಂದನ್ನು ಹಿಡಿಯುವ ಬಲೆಯಲ್ಲಿ ಇನ್ನೊಂದು ಸಿಕ್ಕುವುದಿಲ್ಲ. ಆದುದರಿಂದ ಎರಡು ಬಲೆಗಳು ಬೇಕಾದುವು. ಅವು ಯಾವುವು, ಅವನ್ನು ಕೂಡಿಸಿ ಬಳಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಗುರುತು ಹಚ್ಚಿದ ಬರಹ

ಅಚ್ಚುಕೂಟಕ್ಕೆ ಹೋಗುವ ಹಸ್ತಪ್ರತಿಯ ಅಂಚಿನಲ್ಲಿ “ಇದು ತಲೆಬರಹ”, “ಇದು ದಪ್ಪಕ್ಷರ” ಎಂದು ಗುರುತು ಹಾಕುವ ವಾಡಿಕೆ ಹಳೆಯದು. ಇದೇ ಉಪಾಯವನ್ನು ಗಣಕಯಂತ್ರಕ್ಕೆ ಅಳವಡಿಸಿ, ೧೯೬೯ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ಜಿಎಂಎಲ್ ಎಂಬ ಗುರುತುಭಾಷೆಯನ್ನು ರಚಿಸಿದರು. ಅದು ಬೆಳೆದು ೧೯೮೬ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದನ್ನು ಸರಳಗೊಳಿಸಿ, ವಿಶ್ವವ್ಯಾಪಿ ಜಾಲದ ಮಾನಕಗಳನ್ನು ನಿರ್ಣಯಿಸುವ ಡಬ್ಲ್ಯು೩ಸಿ ಒಕ್ಕೂಟವು ೧೯೯೮ರ ಫೆಬ್ರವರಿ ೧೦ರಂದು ಎಕ್ಸ್‌ಎಂಎಲ್ ಎಂಬ ಭಾಷೆಯನ್ನು ಪ್ರಕಟಿಸಿತು.

ಎಕ್ಸ್‌ಎಂಎಲ್‌ನಲ್ಲಿ ಗುರುತುಗಳ ಹೆಸರುಗಳನ್ನು ನಾವೇ ಇಟ್ಟುಕೊಳ್ಳಬಹುದು. ಅವು ಕನ್ನಡದಲ್ಲಿಯೂ ಇರಬಹುದು. ಮೊದಲ ಆವೃತ್ತಿಯಿಂದಲೇ ಇದಕ್ಕೆ ಅವಕಾಶವಿದೆ. ಒಂದು ಕಲ್ಪಿತ ಅಂಕಪಟ್ಟಿಯನ್ನು ನೋಡೋಣ.

<ಅಂಕಪಟ್ಟಿ>
  <ವಿದ್ಯಾರ್ಥಿ>ಗೌರಿ</ವಿದ್ಯಾರ್ಥಿ>
  <ವಿಷಯ><ಹೆಸರು>ಭೌತಶಾಸ್ತ್ರ</ಹೆಸರು><ಗರಿಷ್ಠ>100</ಗರಿಷ್ಠ><ಪಡೆದುದು>78</ಪಡೆದುದು></ವಿಷಯ>
  <ವಿಷಯ><ಹೆಸರು>ರಸಾಯನಶಾಸ್ತ್ರ</ಹೆಸರು><ಗರಿಷ್ಠ>100</ಗರಿಷ್ಠ><ಪಡೆದುದು>64</ಪಡೆದುದು></ವಿಷಯ>
  <ವಿಷಯ><ಹೆಸರು>ಗಣಿತ</ಹೆಸರು><ಗರಿಷ್ಠ>100</ಗರಿಷ್ಠ><ಪಡೆದುದು>89</ಪಡೆದುದು></ವಿಷಯ>
  <ಒಟ್ಟು>213</ಒಟ್ಟು>
</ಅಂಕಪಟ್ಟಿ>

ಕೋನಕಂಸಗಳೊಳಗೆ ಇರುವುದು ಗುರುತು. ಓರೆಗೆರೆಯುಳ್ಳದ್ದು ಮುಗಿತಾಯದ ಗುರುತು. ಆರಂಭದಿಂದ ಮುಗಿತಾಯದವರೆಗಿನ ಭಾಗಕ್ಕೆ ‘ಅಂಶ’ ಎನ್ನೋಣ. ಡಬ್ಬಿಯೊಳಗೆ ಡಬ್ಬಿಯಿಟ್ಟಂತೆ ಅಂಶದೊಳಗೆ ಅಂಶವಿರುತ್ತದೆ. ತೆರೆದ ಡಬ್ಬಿಯನ್ನೆಲ್ಲ ಸರಿಯಾದ ಕ್ರಮದಲ್ಲಿ ಮುಚ್ಚಿದ್ದರೆ ಅಂತಹ ದಾಖಲೆಯನ್ನು ‘ಸುರಚಿತ’ವೆಂದು ಕರೆಯಬಹುದು. ಸುರಚಿತವಲ್ಲದುದನ್ನು ಯಂತ್ರವು ಎಕ್ಸ್‌ಎಂಎಲ್ ಎಂದೇ ಒಪ್ಪುವುದಿಲ್ಲ. ಆದರೆ ಸುರಚಿತವಾದುದೆಲ್ಲವೂ ಅಂಕಪಟ್ಟಿಯಲ್ಲ. ಅಂಕಪಟ್ಟಿಯಾಗಬೇಕಾದರೆ ಅದರಲ್ಲಿ ಇಂತಿಂತಹ ಅಂಶಗಳು ಇಂತಹ ಕ್ರಮದಲ್ಲಿ ಇರಬೇಕು. ಇದನ್ನು ನಿರ್ಣಯಿಸುವುದು ಮೊದಲನೆಯ ಒರೆಗಲ್ಲಾದ ವ್ಯಾಕರಣ.

ವ್ಯಾಕರಣದ ಪರೀಕ್ಷೆ

ವ್ಯಾಕರಣವೆಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ಪಾಣಿನಿಯು ಸುಮಾರು ೪,೦೦೦ ಸೂತ್ರಗಳಲ್ಲಿ ಸಂಸ್ಕೃತದ ರೂಪಗಳನ್ನು ಸಾಧಿಸಿ ತೋರಿಸಿದನು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಕನ್ನಡಕ್ಕೆ ‘ಶಬ್ದಮಣಿದರ್ಪಣ’ವನ್ನು ಕೊಟ್ಟನು. ೧೯೫೬ರಲ್ಲಿ ಅಮೆರಿಕದ ನೋಮ್ ಚಾಮ್‌ಸ್ಕಿಯವರು ವ್ಯಾಕರಣಗಳನ್ನು ಗಣಿತದ ದೃಷ್ಟಿಯಿಂದ ವರ್ಗೀಕರಿಸಿದರು. ಮುಂದೆ ಜಾನ್ ಬ್ಯಾಕಸ್ ಮತ್ತು ಪೀಟರ್ ನೌರ್ ಅವರು ೧೯೫೯–೬೦ರಲ್ಲಿ ಗಣಕಯಂತ್ರದ ಭಾಷೆಗಳಿಗೆ ಸೂತ್ರರೂಪದ ವ್ಯಾಕರಣವನ್ನು ಬರೆಯುವ ಪದ್ಧತಿಯನ್ನು ರೂಪಿಸಿದರು. ಈ ಪದ್ಧತಿಗೆ ಪಾಣಿನಿಯ ಹೆಸರು ಸೇರಬೇಕೆಂದು ೧೯೬೭ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ಸೂಚಿಸಿದುದು ನಮಗೆ ಸಂತೋಷವನ್ನು ಕೊಡುವ ಸಂಗತಿ.

ನಮ್ಮ ಅಂಕಪಟ್ಟಿಯ ವ್ಯಾಕರಣವನ್ನು ಎರಡು ಸೂತ್ರಗಳಲ್ಲಿ ಹೇಳಬಹುದು:

ಅಂಕಪಟ್ಟಿ ಎಂದರೆ ಒಂದು ವಿದ್ಯಾರ್ಥಿ, ಅನಂತರ ಒಂದು ಅಥವಾ ಹೆಚ್ಚು ವಿಷಯ, ಅನಂತರ ಒಂದು ಒಟ್ಟು.
ವಿಷಯ ಎಂದರೆ ಒಂದು ಹೆಸರು, ಅನಂತರ ಒಂದು ಗರಿಷ್ಠ, ಅನಂತರ ಒಂದು ಪಡೆದುದು.

ಈ ಸೂತ್ರಗಳನ್ನು ಬರೆಯಲು ಹಲವು ಭಾಷೆಗಳುಂಟು. ಎಕ್ಸ್‌ಎಂಎಲ್‌ನ ಜೊತೆಗೇ ಬಂದುದು ಡಿಟಿಡಿ. ೨೦೦೧ರ ಮೇ ತಿಂಗಳಲ್ಲಿ ಡಬ್ಲ್ಯು೩ಸಿ ‘ಎಕ್ಸ್‌ಎಂಎಲ್ ಸ್ಕೀಮಾ’ ಎಂಬುದನ್ನು ಪ್ರಕಟಿಸಿತು. ಇದರಲ್ಲಿ “ಇದು ಪೂರ್ಣಾಂಕವಾಗಿರಬೇಕು, ೦ಗಿಂತ ಕಡಿಮೆಯಿರಬಾರದು” ಎಂಬಂತಹ ಮೌಲ್ಯದ ಮಿತಿಗಳನ್ನೂ ಹೇಳಬಹುದು. ಅದೇ ವರ್ಷ ಜಪಾನಿನ ಮುರತ ಮಕೊತೊ ಮತ್ತು ಜೇಮ್ಸ್ ಕ್ಲಾರ್ಕ್ ಅವರು ತಾವು ಬೇರೆ ಬೇರೆಯಾಗಿ ರಚಿಸಿದ್ದ ಎರಡು ಭಾಷೆಗಳನ್ನು ಕೂಡಿಸಿ ‘ರಿಲ್ಯಾಕ್ಸ್ ಎನ್‌ಜಿ’ ಎಂಬುದನ್ನು ರೂಪಿಸಿದರು.

ಈ ಪರೀಕ್ಷೆಯನ್ನು ಯಂತ್ರವು ಮಾಡುವ ಬಗೆ ಸರಳವಾದುದು. ‘ಅಂಕಪಟ್ಟಿ’ಯ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆಂದು ಭಾವಿಸಿಕೊಳ್ಳಿ. ಮೊದಲು ಅವನು ‘ವಿದ್ಯಾರ್ಥಿ’ಗಾಗಿ ಕಾಯುತ್ತಾನೆ, ಬೇರಾರಾದರೂ ಬಂದರೆ ತಡೆಯುತ್ತಾನೆ. ವಿದ್ಯಾರ್ಥಿ ಬಂದ ಮೇಲೆ ‘ವಿಷಯ’ಕ್ಕಾಗಿ ಕಾಯುತ್ತಾನೆ. ಒಂದು ವಿಷಯ ಬಂದಮೇಲೆ ಇನ್ನೊಂದು ವಿಷಯ ಬಂದರೂ ಸರಿ, ‘ಒಟ್ಟು’ ಬಂದರೂ ಸರಿ. ಒಟ್ಟು ಬಂದ ಮೇಲೆ ಬಾಗಿಲು ಮುಚ್ಚುತ್ತಾನೆ. ಅವನು ನೆನಪಿನಲ್ಲಿಡಬೇಕಾದುದು ತಾನು ಈಗ ಯಾವ ಹಂತದಲ್ಲಿದ್ದೇನೆ ಎಂಬುದಿಷ್ಟೆ. ಇಂತಹ ಯಂತ್ರಗಳಿಗೆ ‘ಪರಿಮಿತ ಸ್ಥಿತಿಗಳ ಯಂತ್ರ’ವೆಂದು ಹೆಸರು. ನೆನಪಿನ ಹೊರೆ ಕಡಿಮೆಯಾದುದರಿಂದ ದಾಖಲೆ ಎಷ್ಟೇ ಉದ್ದವಿರಲಿ ಕೆಲಸವು ವೇಗವಾಗಿ ಸಾಗುತ್ತದೆ.

ವ್ಯಾಕರಣಕ್ಕೆ ಕಾಣದ ತಪ್ಪು

ಈಗ ಮೇಲಿನ ಅಂಕಪಟ್ಟಿಯನ್ನು ಮತ್ತೊಮ್ಮೆ ನೋಡಿ. ೭೮, ೬೪, ೮೯ ಇವುಗಳ ಮೊತ್ತ ೨೩೧. ಆದರೆ ಬರೆದಿರುವುದು ೨೧೩. ಎರಡು ಅಂಕಿಗಳು ಸ್ಥಾನಪಲ್ಲಟವಾಗಿ ಗೌರಿಯ ಹದಿನೆಂಟು ಅಂಕಗಳು ಮಾಯವಾಗಿವೆ. ನಮ್ಮ ಕಾವಲುಗಾರನಾದರೋ ಈ ದಾಖಲೆಯನ್ನು ಯಾವ ಆಕ್ಷೇಪಣೆಯೂ ಇಲ್ಲದೆ ಒಳಗೆ ಬಿಡುತ್ತಾನೆ. ಬಂದವರೆಲ್ಲರೂ ಬರಬೇಕಾದ ಕ್ರಮದಲ್ಲಿಯೇ ಬಂದಿದ್ದಾರೆ. ೨೧೩ ಎಂಬುದು ಪೂರ್ಣಾಂಕವೇ ಆಗಿದೆ. ಕಾಲೇಜಿನ ಪ್ರವೇಶಕ್ಕಾಗಿ ಅರ್ಜಿ ಹಾಕಿದ ಹುಡುಗಿಯೊಬ್ಬಳಿಗೆ ಹದಿನೆಂಟು ಅಂಕಗಳೆಂದರೆ ಎಷ್ಟೆಂಬುದನ್ನು ವಿದ್ಯಾರ್ಥಿಗಳಿಗೆ ನಾನು ವಿವರಿಸಬೇಕಾಗಿಲ್ಲ.

ವ್ಯಾಕರಣವನ್ನು ಇನ್ನಷ್ಟು ಬಿಗಿಗೊಳಿಸಿದರೆ ಸಾಲದೇ ಎಂದು ಕೇಳಬಹುದು. ಮೂರೇ ವಿಷಯಗಳು, ಪ್ರತಿಯೊಂದಕ್ಕೂ ೦ಯಿಂದ ೧೦೦ರವರೆಗೆ ಅಂಕಗಳು ಎಂದಿಟ್ಟುಕೊಂಡರೂ ೧೦೧ರ ಘನ, ಎಂದರೆ ೧೦,೩೦,೩೦೧ ಬಗೆಯ ಅಂಕಪಟ್ಟಿಗಳು ಸಾಧ್ಯ. ಪ್ರತಿಯೊಂದಕ್ಕೂ ತಕ್ಕ ಒಟ್ಟನ್ನು ಸೂತ್ರಗಳಲ್ಲಿ ಪಟ್ಟಿ ಮಾಡುತ್ತ ಹೋಗುವುದು ಸಮುದ್ರವನ್ನು ಚಮಚದಿಂದ ಅಳೆಯುವ ಕೆಲಸ. ವಿಷಯಗಳ ಸಂಖ್ಯೆಗೆ ಮಿತಿಯಿಲ್ಲವಾದರೆ ಪಟ್ಟಿಯೂ ಮುಗಿಯುವುದಿಲ್ಲ. ಹಂತವನ್ನು ಮಾತ್ರ ನೆನಪಿಡುವ ಕಾವಲುಗಾರನಿಗೆ ಲೆಕ್ಕ ಕೂಡುವುದು ತಿಳಿಯದು. ಅವನ ವೇಗಕ್ಕೆ ಕಾರಣವಾದ ಗುಣವೇ ಅವನ ಕುರುಡಿಗೂ ಕಾರಣ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಪರಿಸ್ಥಿತಿ ಹೊಸದಲ್ಲ. ಸಮೀಕರಣವೊಂದರ ಎರಡು ಪಾರ್ಶ್ವಗಳ ಆಯಾಮಗಳು ಹೊಂದುತ್ತವೆಯೇ ಎಂದು ನೋಡುವುದನ್ನು ನಾವು ಮೊದಲ ವರ್ಷದಲ್ಲಿಯೇ ಕಲಿಸುತ್ತೇವೆ. ಆಯಾಮ ಹೊಂದದಿದ್ದರೆ ಸಮೀಕರಣವು ಖಂಡಿತವಾಗಿ ತಪ್ಪು. ಆದರೆ ಹೊಂದಿದ ಮಾತ್ರಕ್ಕೆ ಸರಿಯೆನ್ನುವಂತಿಲ್ಲ: ಚಲನಶಕ್ತಿಯು ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧ, ಈ ‘ಅರ್ಧ’ವನ್ನು ಬಿಟ್ಟು ಬರೆದರೂ ಆಯಾಮಗಳು ಹೊಂದಿಯೇ ಹೊಂದುತ್ತವೆ. ವ್ಯಾಕರಣದ ಪರೀಕ್ಷೆಯೂ ಇಂತಹುದೇ.

ನಿಯಮದ ಪರೀಕ್ಷೆ

ಎರಡನೆಯ ಒರೆಗಲ್ಲನ್ನು ಒದಗಿಸಿದವರು ಆಸ್ಟ್ರೇಲಿಯದ ರಿಕ್ ಜೆಲಿಫ್. ಅವರು ತೈವಾನಿನ ತೈಪೆ ನಗರದ ಅಕಾಡೆಮಿಯಾ ಸಿನಿಕಾ ಸಂಸ್ಥೆಯಲ್ಲಿದ್ದಾಗ ೧೯೯೯ರಲ್ಲಿ ‘ಸ್ಕೀಮಾಟ್ರಾನ್’ ಎಂಬ ಪದ್ಧತಿಯನ್ನು ರೂಪಿಸಿದರು. ೨೦೦೬ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವಾಯಿತು. ಇದರಲ್ಲಿ ವ್ಯಾಕರಣವೇ ಇಲ್ಲ. ದಾಖಲೆಯನ್ನು ಒಂದು ಮರವೆಂದು ಭಾವಿಸಿ, ಅದರ ಯಾವ ಕೊಂಬೆಗೂ ಯಾವ ಕೊಂಬೆಗೂ ಎಂತಹ ಸಂಬಂಧವಿರಬೇಕೆಂಬುದನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಕೊಂಬೆಗಳನ್ನು ಗುರುತಿಸಲು ೧೯೯೯ರ ನವೆಂಬರಿನಲ್ಲಿ ಮಾನಕವಾದ ಎಕ್ಸ್‌ಪಾತ್ ಎಂಬ ವಿಳಾಸಪದ್ಧತಿಯಿದೆ. ಅಂಚೆಯ ವಿಳಾಸದಲ್ಲಿ ಜಿಲ್ಲೆ, ಊರು, ಬೀದಿ ಎಂದು ಬರೆದಂತೆ ‘ಅಂಕಪಟ್ಟಿ/ವಿಷಯ/ಪಡೆದುದು’ ಎಂದು ಬರೆದರೆ ಅಂಕಪಟ್ಟಿಯೊಳಗಿನ ಎಲ್ಲ ವಿಷಯಗಳ ಎಲ್ಲ ‘ಪಡೆದುದು’ಗಳೂ ಕೈಗೆ ಸಿಗುತ್ತವೆ, ಅವನ್ನು ಕೂಡಲೂಬಹುದು, ಹೋಲಿಸಲೂಬಹುದು. ಒಂದೊಂದು ನಿಯಮದಲ್ಲಿಯೂ ಮೂರು ಭಾಗಗಳಿರುತ್ತವೆ: ನಿಯಮವು ಅನ್ವಯಿಸುವ ಸಂದರ್ಭ, ಅಲ್ಲಿ ನಿಜವಾಗಿರಬೇಕಾದ ಸಂಬಂಧ, ಅದು ನಿಜವಲ್ಲದಿದ್ದರೆ ಹೇಳಬೇಕಾದ ಮಾತು.

ಮೊದಲನೆಯ ನಿಯಮ. ಸಂದರ್ಭ: ಅಂಕಪಟ್ಟಿ. ಸಂಬಂಧ: ‘ಒಟ್ಟು’ ಎಂಬುದು ಎಲ್ಲ ‘ವಿಷಯ/ಪಡೆದುದು’ಗಳ ಮೊತ್ತಕ್ಕೆ ಸಮ. ಮಾತು: “ಒಟ್ಟು ಅಂಕಗಳು ವಿಷಯಗಳ ಅಂಕಗಳ ಮೊತ್ತಕ್ಕೆ ಸಮವಾಗಿಲ್ಲ.”

ಎರಡನೆಯ ನಿಯಮ. ಸಂದರ್ಭ: ಪಡೆದುದು. ಸಂಬಂಧ: ಇದು ಪಕ್ಕದ ‘ಗರಿಷ್ಠ’ವನ್ನು ಮೀರಿಲ್ಲ. ಮಾತು: “ಪಡೆದ ಅಂಕಗಳು ಗರಿಷ್ಠ ಅಂಕಗಳನ್ನು ಮೀರಿವೆ.”

ಮೊದಲನೆಯ ನಿಯಮವು ಗೌರಿಯ ಅಂಕಪಟ್ಟಿಯ ತಪ್ಪನ್ನು ತಟ್ಟನೆ ಹಿಡಿಯುತ್ತದೆ. ತಪ್ಪನ್ನು ತಿಳಿಸುವ ಮಾತು ಕನ್ನಡದಲ್ಲಿಯೇ ಇರಬಹುದೆಂಬುದನ್ನೂ ಗಮನಿಸಬೇಕು. ವ್ಯಾಕರಣದ ಯಂತ್ರವು ತನ್ನ ಪಾರಿಭಾಷಿಕದಲ್ಲಿ ಗೊಣಗಿದರೆ, ಇಲ್ಲಿ ನಿಯಮವನ್ನು ಬರೆದವನು ಓದುವವನಿಗೆ ತಿಳಿಯುವಂತೆ ಹೇಳಬಹುದು.

ನಿಯಮದ ಮೌನ

ಹಾಗಾದರೆ ನಿಯಮಗಳಷ್ಟೇ ಸಾಕು, ವ್ಯಾಕರಣವೇಕೆ? ನಿಯಮಗಳಿಗೆ ಒಂದು ದೊಡ್ಡ ದೌರ್ಬಲ್ಯವಿದೆ: ಹೇಳದೆ ಉಳಿದ ವಿಷಯದಲ್ಲಿ ಅವು ಮೌನ. ಯಾರೋ ಒಬ್ಬರು ‘ಪಡೆದುದು’ ಎಂಬಲ್ಲಿ ‘ಪಡೆದದ್ದು’ ಎಂದು ಗುರುತು ಹಾಕಿ ೧೭೮ ಎಂದು ಬರೆದರೆನ್ನೋಣ. ಕನ್ನಡಿಗರಿಗೆ ಈ ಎರಡು ರೂಪಗಳೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಎರಡನೆಯ ನಿಯಮವು ‘ಪಡೆದುದು’ ಕಂಡಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ. ಇಲ್ಲಿ ಅದು ಕಾಣಲೇ ಇಲ್ಲ. ಆದುದರಿಂದ ನೂರಕ್ಕೆ ನೂರೆಪ್ಪತ್ತೆಂಟು ಬಂದರೂ ನಿಯಮವು ಸುಮ್ಮನಿರುತ್ತದೆ. ಮೊದಲನೆಯ ನಿಯಮವೇನೋ ತಕರಾರು ಮಾಡೀತು. ಆದರೆ ಅದು “ಒಟ್ಟು ತಪ್ಪಾಗಿದೆ” ಎಂದು ನಿರಪರಾಧಿಯಾದ ಒಟ್ಟಿನ ಕಡೆಗೆ ಬೆರಳು ತೋರಿಸೀತು.

ಇನ್ನೊಂದು ನಿದರ್ಶನ. ಗುರುತಿನ ಹೆಸರುಗಳು ಕನ್ನಡದಲ್ಲಿರಬಹುದೆಂದು ಹೇಳಿದೆವಷ್ಟೆ. ಆದರೆ ಎಕ್ಸ್‌ಪಾತ್ ಆಗಲಿ ಎಕ್ಸ್‌ಎಂಎಲ್ ಸ್ಕೀಮಾ ಆಗಲಿ ಸಂಖ್ಯೆಯೆಂದು ಒಪ್ಪುವುದು 0, 1, 2 ಎಂಬ ಅಂಕಿಗಳನ್ನು ಮಾತ್ರ. ಮೇಲಿನ ಅಂಕಪಟ್ಟಿಯಲ್ಲಿ ಅವನ್ನೇ ಬಳಸಿರುವುದು ಇದಕ್ಕಾಗಿಯೇ. ಒಬ್ಬರು ಅಲ್ಲಿ ಕನ್ನಡದ ಅಂಕಿಗಳಲ್ಲಿ ‘೭೮’ ಎಂದು ಬರೆದರೆ ಯಂತ್ರವು ಅದನ್ನು ‘ಸಂಖ್ಯೆಯಲ್ಲ’ ಎಂದು ಭಾವಿಸುತ್ತದೆ. ಕೂಡಿದ ಮೊತ್ತವೂ ‘ಸಂಖ್ಯೆಯಲ್ಲ’ ಆಗುತ್ತದೆ. ಮತ್ತೆ “ಒಟ್ಟು ತಪ್ಪಾಗಿದೆ” ಎಂಬ ದೂರೇ ಬರುತ್ತದೆ. ವ್ಯಾಕರಣವು ಮೊದಲೇ ಪರೀಕ್ಷಿಸಿದ್ದರೆ “ಇಲ್ಲಿ ಪೂರ್ಣಾಂಕವಿಲ್ಲ” ಎಂದು ನಿಜವಾದ ಸ್ಥಳವನ್ನು ತೋರಿಸುತ್ತಿತ್ತು.

“ಅಂಕಪಟ್ಟಿಯಲ್ಲಿ ಇವು ಹೊರತು ಬೇರೇನೂ ಇರಕೂಡದು” ಎಂಬುದನ್ನೂ ನಿಯಮಗಳಲ್ಲಿಯೇ ಬರೆಯಬಹುದು. ಆದರೆ ಪ್ರತಿಯೊಂದು ಅಂಶಕ್ಕೂ ಹೀಗೆ ಬರೆಯುತ್ತ ಹೋದರೆ ವ್ಯಾಕರಣವು ಒಂದು ಸಾಲಿನಲ್ಲಿ ಹೇಳುವುದನ್ನು ಹತ್ತು ಸಾಲುಗಳಲ್ಲಿ ಹೇಳಿದಂತಾಗುತ್ತದೆ. ಮೇಲಾಗಿ ವ್ಯಾಕರಣವು ಮುಂದೆ ಏನು ಬರಬಹುದೆಂಬುದನ್ನು ಬರೆಯುವವನಿಗೆ ಮೊದಲೇ ಸೂಚಿಸಬಲ್ಲದು. ನಿಯಮವು ಬರೆದು ಮುಗಿಸಿದುದನ್ನು ಕುರಿತು ತೀರ್ಪು ಕೊಡಬಲ್ಲದು. ಒಂದು ದಾರಿಯನ್ನು ತೋರಿಸುತ್ತದೆ, ಇನ್ನೊಂದು ನಡೆದುದನ್ನು ವಿಚಾರಿಸುತ್ತದೆ.

ಎರಡನ್ನೂ ಕೂಡಿಸುವ ಬಗೆ

ಇವೆರಡನ್ನೂ ಕೂಡಿಸಲು ಮುಖ್ಯವಾಗಿ ಮೂರು ಮಾರ್ಗಗಳುಂಟು.

ಮೊದಲನೆಯದು ಸಾಲಾಗಿ ನಿಲ್ಲಿಸುವುದು. ದಾಖಲೆಯು ಮೊದಲು ವ್ಯಾಕರಣದ ಬಾಗಿಲನ್ನೂ ಅನಂತರ ನಿಯಮಗಳ ಬಾಗಿಲನ್ನೂ ದಾಟಬೇಕು. ಈ ಕ್ರಮಕ್ಕೆ ಅರ್ಥವಿದೆ. ‘ಒಟ್ಟು’ ಇದೆ, ಒಂದೇ ಇದೆ, ಅದು ಸಂಖ್ಯೆಯೇ ಆಗಿದೆ ಎಂದು ವ್ಯಾಕರಣವು ಭರವಸೆ ಕೊಟ್ಟ ಮೇಲೆ ನಿಯಮವು ಆ ಭರವಸೆಯ ಮೇಲೆ ನಿಂತು ಲೆಕ್ಕ ಮಾಡುತ್ತದೆ. ಕ್ರಮವನ್ನು ತಿರುಗಿಸಿದರೆ ಮೇಲೆ ಕಂಡಂತೆ ದೂರುಗಳು ದಾರಿ ತಪ್ಪುತ್ತವೆ.

ಎರಡನೆಯದು ವ್ಯಾಕರಣದೊಳಗೆ ನಿಯಮಗಳನ್ನು ಹುದುಗಿಸುವುದು. ಎಕ್ಸ್‌ಎಂಎಲ್ ಸ್ಕೀಮಾದಲ್ಲಿ ಟಿಪ್ಪಣಿಗಳಿಗಾಗಿ ಬಿಟ್ಟ ಸ್ಥಳವಿದೆ. ರಿಲ್ಯಾಕ್ಸ್ ಎನ್‌ಜಿಯಲ್ಲಿ ಪರಕೀಯ ಗುರುತುಗಳಿಗೆ ಅವಕಾಶವಿದೆ. ಅಲ್ಲಿ ಸ್ಕೀಮಾಟ್ರಾನ್ ನಿಯಮಗಳನ್ನು ಬರೆದಿಟ್ಟು, ಪರೀಕ್ಷೆಯ ಕಾಲದಲ್ಲಿ ಒಂದು ಸಣ್ಣ ಕ್ರಮವಿಧಿಯಿಂದ ಬೇರ್ಪಡಿಸಿಕೊಳ್ಳುತ್ತಾರೆ. ‘ಒಟ್ಟು’ ಎಂಬುದರ ಸೂತ್ರವೂ ಅದರ ನಿಯಮವೂ ಒಂದೇ ಪುಟದಲ್ಲಿರುವುದರಿಂದ, ಒಂದನ್ನು ತಿದ್ದಿದವನು ಇನ್ನೊಂದನ್ನು ಮರೆಯುವುದಿಲ್ಲ. ಸಾಹಿತ್ಯಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಗಣಕಯಂತ್ರಕ್ಕೆ ಅಳವಡಿಸುವ ವಿದ್ವಾಂಸರ ಟಿಇಐ ಎಂಬ ಪದ್ಧತಿಯಲ್ಲಿ ಈ ಬಗೆಯ ಜೋಡಣೆ ರೂಢಿಯಲ್ಲಿದೆ.

ಮೂರನೆಯದು ವ್ಯಾಕರಣದ ಭಾಷೆಗೇ ನಿಯಮದ ಶಕ್ತಿಯನ್ನು ಕೊಡುವುದು. ೨೦೧೨ರ ಏಪ್ರಿಲ್‌ನಲ್ಲಿ ಬಂದ ಎಕ್ಸ್‌ಎಂಎಲ್ ಸ್ಕೀಮಾದ ೧.೧ನೆಯ ಆವೃತ್ತಿಯಲ್ಲಿ ಹೀಗೆ ಮಾಡಿದರು. ಆದರೆ ಇಲ್ಲಿ ಒಂದು ಕಟ್ಟುಪಾಡಿದೆ: ಒಂದು ಅಂಶದ ನಿಯಮವು ಆ ಅಂಶದ ಒಳಗನ್ನು ಮಾತ್ರ ನೋಡಬಹುದು, ತಲೆಯೆತ್ತಿ ಹೊರಗನ್ನಾಗಲಿ ಪಕ್ಕವನ್ನಾಗಲಿ ನೋಡುವಂತಿಲ್ಲ. ನಮ್ಮ ಎರಡನೆಯ ನಿಯಮವನ್ನು ‘ಪಡೆದುದು’ವಿನ ಬಳಿ ಬರೆದರೆ ನಡೆಯದು; ಹೊರಗಿನ ಡಬ್ಬಿಯಾದ ‘ವಿಷಯ’ದ ಬಳಿ ಬರೆಯಬೇಕು. ಸ್ಕೀಮಾಟ್ರಾನಿಗೆ ಈ ಕಟ್ಟುಪಾಡಿಲ್ಲ.

ವ್ಯವಹಾರದಲ್ಲಿ ಪ್ರಯೋಗ

ಇದು ಬರಿಯ ಪುಸ್ತಕದ ಮಾತಲ್ಲ. ಸರ್ಕಾರಿ ಕಚೇರಿಗಳು ವಿದ್ಯುನ್ಮಾನದ ಬಿಲ್ಲುಗಳನ್ನು ಸ್ವೀಕರಿಸಬೇಕೆಂದು ಯೂರೋಪಿಯನ್ ಒಕ್ಕೂಟವು ೨೦೧೪ರಲ್ಲಿ ನಿರ್ದೇಶಿಸಿತು. ಅದಕ್ಕಾಗಿ ೨೦೧೭ರಲ್ಲಿ ೧೬೯೩೧ ಎಂಬ ಸಂಖ್ಯೆಯ ಮಾನಕವು ಹೊರಬಂದಿತು. ಬಿಲ್ಲಿನಲ್ಲಿ ಯಾವ ಅಂಶಗಳು ಎಲ್ಲಿರಬೇಕೆಂಬುದನ್ನು ಎಕ್ಸ್‌ಎಂಎಲ್ ಸ್ಕೀಮಾ ಪರೀಕ್ಷಿಸುತ್ತದೆ. ಒಂದೊಂದು ಸಾಲಿನ ಮೊತ್ತಗಳನ್ನು ಕೂಡಿದರೆ ಸಾಲುಗಳ ಒಟ್ಟು ಬರಬೇಕು, ತೆರಿಗೆಯಿಲ್ಲದ ಮೊತ್ತಕ್ಕೆ ತೆರಿಗೆಯನ್ನು ಸೇರಿಸಿದರೆ ತೆರಿಗೆ ಸೇರಿದ ಮೊತ್ತ ಬರಬೇಕು ಎಂಬಂತಹವುಗಳನ್ನು ಸ್ಕೀಮಾಟ್ರಾನ್ ನಿಯಮಗಳು ಪರೀಕ್ಷಿಸುತ್ತವೆ. ಅಮೆರಿಕದ ಆಸ್ಪತ್ರೆಗಳು ವಿನಿಮಯ ಮಾಡಿಕೊಳ್ಳುವ ರೋಗಿಗಳ ದಾಖಲೆಗಳಿಗೂ ಇದೇ ಎರಡು ಹಂತದ ಪರೀಕ್ಷೆಯುಂಟು. ಕನ್ನಡದ ವಿದ್ಯುನ್ಮಾನ ಪುಸ್ತಕಗಳಿಗೂ ಬಳಸುವ ಈಪಬ್ ಎಂಬ ರೂಪದಲ್ಲಿ ಪುಸ್ತಕವು ಸರಿಯಾಗಿದೆಯೇ ಎಂದು ನೋಡುವ ‘ಈಪಬ್‌ಚೆಕ್’ ಎಂಬ ಸಾಧನವು ರಿಲ್ಯಾಕ್ಸ್ ಎನ್‌ಜಿ, ಸ್ಕೀಮಾಟ್ರಾನ್ ಎರಡನ್ನೂ ಬಳಸಿಕೊಳ್ಳುತ್ತದೆ.

ನಿಯಮಕ್ಕೂ ಪರೀಕ್ಷೆ ಬೇಕು

ಒರೆಗಲ್ಲೇ ದೋಷವುಳ್ಳದ್ದಾದರೆ ಏನು ಗತಿ? ೦.೧ನ್ನೂ ೦.೨ನ್ನೂ ಕೂಡಿದರೆ ೦.೩ ಎಂದು ಮಕ್ಕಳೂ ಬಲ್ಲರು. ಗಣಕಯಂತ್ರವು ಸಾಮಾನ್ಯವಾಗಿ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತದೆ. ಮೂರನೆಯ ಒಂದು ಭಾಗವು ದಶಮಾನದಲ್ಲಿ ೦.೩೩೩… ಎಂದು ಮುಗಿಯದಂತೆ ಹತ್ತನೆಯ ಒಂದು ಭಾಗವು ದ್ವಿಮಾನದಲ್ಲಿ ಮುಗಿಯುವುದಿಲ್ಲ. ಉಳಿದ ಚೂರನ್ನು ಕತ್ತರಿಸಬೇಕಾಗುವುದರಿಂದ ಯಂತ್ರವು ಕೂಡಿದ ಮೊತ್ತವು ೦.೩ಕ್ಕೆ ಕೂದಲೆಳೆಯಷ್ಟು ಹೆಚ್ಚಾಗಿ ಬರುತ್ತದೆ. “ಎರಡೂ ಸಮವಾಗಿರಬೇಕು” ಎಂದು ಮುಗ್ಧವಾಗಿ ಬರೆದ ನಿಯಮವು ಇಂತಹ ಕಡೆ ಪ್ರಾಮಾಣಿಕವಾದ ಬಿಲ್ಲನ್ನೂ ತಿರಸ್ಕರಿಸೀತು. ಆದುದರಿಂದ ರೂಪಾಯಿಗಳನ್ನು ಪೈಸೆಗಳಾಗಿ ಮಾಡಿ ಪೂರ್ಣಾಂಕಕ್ಕೆ ತಂದು ಹೋಲಿಸುವುದು ಜಾಣತನ. ಪ್ರಯೋಗಶಾಲೆಯಲ್ಲಿ ತಕ್ಕಡಿಯನ್ನು ಗೊತ್ತಾದ ತೂಕಗಳಿಂದ ಪರೀಕ್ಷಿಸುವಂತೆ, ಪ್ರತಿಯೊಂದು ನಿಯಮವನ್ನೂ ಸರಿಯೆಂದು ಗೊತ್ತಿರುವ ಒಂದು ದಾಖಲೆಯ ಮೇಲೂ ತಪ್ಪೆಂದು ಗೊತ್ತಿರುವ ಒಂದು ದಾಖಲೆಯ ಮೇಲೂ ಪ್ರಯೋಗಿಸಿ ನೋಡಿದ ಮೇಲೆಯೇ ನಂಬಬೇಕು.

ಕೊನೆಯದಾಗಿ ಒಂದು ಮಾತು. ಗೌರಿಗೆ ಭೌತಶಾಸ್ತ್ರದಲ್ಲಿ ನಿಜವಾಗಿ ಬಂದುದು ೮೭ ಆಗಿದ್ದು, ಬರೆಯುವವರು ೭೮ ಎಂದು ಬರೆದು, ಒಟ್ಟನ್ನೂ ಅದಕ್ಕೆ ತಕ್ಕಂತೆ ೨೩೧ ಎಂದೇ ಬರೆದಿದ್ದರೆ? ವ್ಯಾಕರಣವು ಒಪ್ಪುತ್ತದೆ, ನಿಯಮವೂ ಒಪ್ಪುತ್ತದೆ. ದಾಖಲೆ ಮಾತ್ರ ಸುಳ್ಳು. ಆ ಸುಳ್ಳನ್ನು ಕಂಡುಹಿಡಿಯಬೇಕಾದರೆ ಉತ್ತರಪತ್ರಿಕೆಯನ್ನೇ ತೆರೆದು ನೋಡಬೇಕು. ದಾಖಲೆಯು ತನ್ನೊಳಗೆ ಹೊಂದಿಕೊಂಡಿದೆಯೇ ಎಂಬುದನ್ನು ಈ ಎರಡು ಪರೀಕ್ಷೆಗಳು ಹೇಳಬಲ್ಲವು. ಲೋಕದೊಂದಿಗೆ ಹೊಂದಿಕೊಂಡಿದೆಯೇ ಎಂಬುದನ್ನು ಹೇಳಲಾರವು. ಅದು ಇಂದಿಗೂ ಮನುಷ್ಯರ ಹೊಣೆಯೇ. ಯಂತ್ರವು ಕೂಡುವ ತಪ್ಪುಗಳನ್ನು ಹಿಡಿದುಕೊಟ್ಟರೆ ಆ ಹೊಣೆಯನ್ನು ಹೊರಲು ನಮಗೆ ಹೆಚ್ಚು ಬಿಡುವು ಸಿಗುತ್ತದೆ.

ವಿದ್ಯಾರ್ಥಿಗಳು ತಮಗೆ ಪರಿಚಿತವಾದ ಒಂದು ನಮೂನೆಯನ್ನು, ಗ್ರಂಥಾಲಯದ ಎರವಲು ಚೀಟಿಯನ್ನೋ ಪ್ರಯೋಗಶಾಲೆಯ ವಾಚನಗಳ ಕೋಷ್ಟಕವನ್ನೋ, ತೆಗೆದುಕೊಂಡು ಒಂದು ಹಾಳೆಯಲ್ಲಿ ಎರಡು ಕಲಮುಗಳನ್ನು ಮಾಡಲಿ. ಏನೇನು ಯಾವ ಕ್ರಮದಲ್ಲಿರಬೇಕೆಂಬುದನ್ನು ಎಡಗಡೆಯಲ್ಲಿಯೂ, ಯಾವುದಕ್ಕೂ ಯಾವುದಕ್ಕೂ ಹೊಂದಿಕೆಯಿರಬೇಕೆಂಬುದನ್ನು ಬಲಗಡೆಯಲ್ಲಿಯೂ ಬರೆಯಲಿ. ಹಿಂದಿರುಗಿಸಿದ ದಿನಾಂಕವು ಎರವಲು ಪಡೆದ ದಿನಾಂಕಕ್ಕಿಂತ ಮುಂಚಿನದಾಗಿರಬಾರದು ಎಂಬುದು ಯಾವ ಕಲಮಿಗೆ ಸೇರುತ್ತದೆಂದು ಹೇಳಲು ಈಗ ಅವರಿಗೆ ಕಷ್ಟವಾಗಲಾರದು.